ಸಾಕುವವನ ಋಣ

ಒಂದು ಜೀವವನ್ನು ಅದರ ನೆಲೆಯಿಂದ ಎತ್ತಿ ತಂದು ನಮ್ಮ ಮನೆಯ ಮೂಲೆಯಲ್ಲಿ ಇಟ್ಟುಕೊಂಡಾಗ ನಾವು ಅದಕ್ಕೆ ಏನನ್ನು ಕೊಡಬೇಕಾದವರಾಗುತ್ತೇವೆ? ದನಕರುಗಳ ವಿಷಯದಲ್ಲಿ ಈ ಪ್ರಶ್ನೆಗೆ ನಮ್ಮ ಹಿರಿಯರು ಬಹು ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ನಮ್ಮ ವಲಾಂಡಿಗೆ ನೆರೆಯದಾದ ದೇವಣಿಯ ಹೆಸರನ್ನೇ ಹೊತ್ತ ಕಪ್ಪು-ಬಿಳಿ ಮಚ್ಚೆಯ ದನದ ತಳಿ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಆ ತಳಿಯನ್ನು ಕಾಪಾಡಿಕೊಂಡು ಬಂದ ರೈತನು ಎತ್ತಿನಿಂದ ಉಳುಮೆಯನ್ನೂ ಆಕಳಿನಿಂದ ಹಾಲನ್ನೂ ಪಡೆದನು. ಪ್ರತಿಯಾಗಿ ಮೇವು, ನೀರು, ನೆರಳುಗಳನ್ನು ಕೊಟ್ಟನು. ವರ್ಷಕ್ಕೊಮ್ಮೆ ಕೊಂಬಿಗೆ ಬಣ್ಣ ಹಚ್ಚಿ ಹೋಳಿಗೆಯನ್ನೂ ತಿನ್ನಿಸಿದನು. ಅಲ್ಲಿ ಕೊಡುವ ಕೊಳ್ಳುವ ಲೆಕ್ಕ ಸ್ಪಷ್ಟವಾಗಿದೆ. ಲೆಕ್ಕ ತಪ್ಪಿಸಿದವನನ್ನು ಊರು ಹಳಿಯುತ್ತದೆ.

ಆದರೆ ಸಾಕಿದ ಜೀವ ಒಂದು ಹುಳುವಾಗಿದ್ದರೆ? ಅದು ಹಾಲು ಕೊಡದು, ಹೊಲ ಉಳದು, ನಾಯಿಯಂತೆ ಬಾಗಿಲು ಕಾಯದು, ಗಿಳಿಯಂತೆ ಹೆಸರು ಹಿಡಿದು ಕೂಗದು. ಹಸಿದರೆ ಅರಚುವುದಿಲ್ಲ, ನೊಂದರೆ ನರಳುವುದಿಲ್ಲ. ಅಂಥ ಜೀವದ ಬಗೆಗೆ ನಮಗೆ ಋಣವೆಂಬುದು ಇದೆಯೆ? ಇದ್ದರೆ ಅದು ಎಷ್ಟು? ನಗೆಗೀಡಾದ ಪ್ರಶ್ನೆಯೆಂದು ಇದನ್ನು ತಳ್ಳಿಹಾಕುವ ಮೊದಲು ವಾಚಕರು ನಮ್ಮೊಡನೆ ಸ್ವಲ್ಪ ದೂರ ನಡೆದು ಬರಬೇಕೆಂದು ಬೇಡುತ್ತೇವೆ. ದೂರು ಕೊಡಬಲ್ಲವರ ಮುಂದೆ ನಾವೆಲ್ಲರೂ ಧರ್ಮಿಷ್ಠರೇ. ದೂರು ಕೊಡಲಾರದವರ ಮುಂದೆ ನಮ್ಮ ನಡತೆ ಹೇಗೆ ಎಂಬುದರಲ್ಲಿ ನಿಜವಾದ ಪರೀಕ್ಷೆಯಿದೆ.

ಹುಳುವನ್ನು ಸಾಕುವುದು ಕೇವಲ ಊಹೆಯ ಮಾತೂ ಅಲ್ಲ. ಜಪಾನಿನಲ್ಲಿ ಬಾಲಕರು ಬೇಸಿಗೆ ಬಂದೊಡನೆ ದುಂಬಿಗಳನ್ನು ಹಿಡಿದು ಸಾಕುವ ರೂಢಿಯಿದೆ. ತಲೆಯ ಮೇಲೆ ಕವಲೊಡೆದ ಕೊಂಬುಳ್ಳ ದುಂಬಿಯನ್ನು ಅವರು ‘ಕಬುತೊಮುಶಿ’, ಅಂದರೆ ಶಿರಸ್ತ್ರಾಣದ ಹುಳು, ಎಂದು ಕರೆಯುತ್ತಾರೆ. ಸಾರಂಗದ ಕೊಂಬಿನಂಥ ದವಡೆಗಳುಳ್ಳದ್ದನ್ನು ‘ಕುವಗತ’ ಎನ್ನುತ್ತಾರೆ. ಕೊಂಬಿನ ದುಂಬಿ ರೆಕ್ಕೆ ಪಡೆದು ಹೊರಬಂದ ಮೇಲೆ ಬದುಕುವುದು ಎರಡು ಮೂರು ತಿಂಗಳು ಮಾತ್ರ. ಅದಕ್ಕೆ ಮುಂಚಿನ ಬಹುತೇಕ ಬಾಳುವೆಯನ್ನು ಅದು ಬಿಳಿಯ, ಬಾಗಿದ, ಕುರುಡು ಮರಿಹುಳುವಾಗಿ ಕೊಳೆತ ಎಲೆ ಮತ್ತು ಮರದ ಕತ್ತಲೆಯಲ್ಲಿ ಕಳೆಯುತ್ತದೆ. ಆದುದರಿಂದ ದುಂಬಿಯನ್ನು ಸಾಕುವೆನೆಂದು ಹೊರಟವನು ನಿಜವಾಗಿ ಸಾಕಬೇಕಾದುದು ಮರಿಹುಳುವನ್ನು. ಮರಿಹುಳುವನ್ನು ಸಾಕಬೇಕಾದವನು ಮೊದಲು ಕಲಿಯಬೇಕಾದುದು ಮರವನ್ನು ಕೊಳೆಯಿಸುವ ವಿದ್ಯೆಯನ್ನು.

ಆ ವಿದ್ಯೆಯ ಕ್ರಮ ಹೀಗಿದೆ. ರಾಳವಿಲ್ಲದ, ಎಲೆಯುದುರುವ ಗಟ್ಟಿಮರದ ಹೊಟ್ಟನ್ನು ತೆಗೆದುಕೊಳ್ಳಬೇಕು. ಜಪಾನಿನವರು ಓಕ್ ಮರವನ್ನು ಬಳಸುತ್ತಾರೆ. ಓಕ್ ನಮ್ಮ ಎರೆಭೂಮಿಯಲ್ಲಿ ಬೆಳೆಯದು, ಮಾವಿನ ಹೊಟ್ಟನ್ನು ಬಳಸಿ ನೋಡಬಹುದು. ಸಾಗುವಾನಿ ಬೇಡ, ಕೊಳೆತವನ್ನು ತಡೆಯುವ ಸತ್ತ್ವ ಅದರೊಳಗೇ ಇದೆ. ಬೇವು ಬೇಡ, ಅದು ಹುಳುವಿಗೆ ಕಹಿಯಷ್ಟೇ ಅಲ್ಲ, ವಿಷವೂ ಹೌದು. ಬಣ್ಣ ಅಥವಾ ಅಂಟು ತಾಕಿದ ಹಲಗೆಯ ಹುಡಿಯಂತೂ ಕೂಡದು. ಹತ್ತು ಪಾಲು ಹೊಟ್ಟಿಗೆ ಸುಮಾರು ಒಂದು ಪಾಲು ಗೋಧಿಯ ತೌಡನ್ನೋ ಹಿಟ್ಟನ್ನೋ ಬೆರೆಸಿ ನೀರು ಚಿಮುಕಿಸಿ ಕಲಸಬೇಕು. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಇದನ್ನು ಗಾಳಿಯಾಡುವ ಪಾತ್ರೆಯಲ್ಲಿ ತುಂಬಿ ಮುಚ್ಚಿಟ್ಟರೆ ಕೆಲವೇ ದಿನಗಳಲ್ಲಿ ಒಳಗೆ ಕಾವೇರುತ್ತದೆ. ನಡುವಿಗೆ ಕೈಯಿಟ್ಟರೆ ತಾಳಲಾಗದಷ್ಟು, 50ರಿಂದ 60 ಡಿಗ್ರಿಯವರೆಗೂ ಏರಬಹುದು.

ಈ ಕಾವು ಎಲ್ಲಿಂದ ಬಂದಿತು? ಮರದಲ್ಲಿ ಇಂಗಾಲ ಹೇರಳ, ಸಾರಜನಕ ಅತ್ಯಲ್ಪ. ಬರಿಯ ಹೊಟ್ಟನ್ನು ಎಷ್ಟು ಕಾಲ ಇಟ್ಟರೂ ಅದು ಬೇಗನೆ ಕೊಳೆಯದಿರುವುದಕ್ಕೆ ಇದೇ ಕಾರಣ. ತೌಡು ಆ ಕೊರತೆಯನ್ನು ತುಂಬುತ್ತದೆ. ಆಗ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ಹೊಟ್ಟಿನ ಮೇಲೆ ಮುಗಿಬಿದ್ದು ಉಣ್ಣುತ್ತವೆ, ಉಸಿರಾಡುತ್ತವೆ, ವೃದ್ಧಿಯಾಗುತ್ತವೆ. ಅವುಗಳ ಉಸಿರಾಟದ ಕಾವೇ ರಾಶಿಯ ಕಾವು. ನಾಲ್ಕಾರು ದಿನಕ್ಕೊಮ್ಮೆ ರಾಶಿಯನ್ನು ತಿರುವಿ ಗಾಳಿ ಕೊಡಬೇಕು, ಒಣಗಿದರೆ ನೀರು ಚಿಮುಕಿಸಬೇಕು. ಹೀಗೆ ಒಂದೆರಡು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ನಡೆದ ಮೇಲೆ ತಿರುವಿದರೂ ಕಾವೇರದ ದಿನ ಬರುತ್ತದೆ. ಹೊಟ್ಟಿನ ಬಣ್ಣ ಕಡುಕಂದಾಗಿರುತ್ತದೆ. ಹುಳಿನಾತವೂ ಅಮೋನಿಯಾದ ಘಾಟೂ ಹೋಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಅಂದು ಹೊಟ್ಟು ಹದಕ್ಕೆ ಬಂದಿತೆಂದು ತಿಳಿಯಬೇಕು.

ಇದರಲ್ಲಿ ನಮ್ಮವರಿಗೆ ತಿಳಿಯದ ಗುಟ್ಟೇನೂ ಇಲ್ಲ. ಊರ ಹೊರಗಿನ ತಿಪ್ಪೆ ಮಾಡುವುದು ಇದೇ ಕೆಲಸವನ್ನು. ಆಂಗ್ಲ ಕೃಷಿವಿಜ್ಞಾನಿ ಆಲ್ಬರ್ಟ್ ಹೋವರ್ಡನು 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು ಗೊಬ್ಬರ ಮಾಡುವ ‘ಇಂದೂರು ಪದ್ಧತಿ’ಯನ್ನು ರೂಪಿಸಿದಾಗ ಈ ದೇಶದ ರೈತರಿಂದ ಕಲಿತುದನ್ನು ಮುಚ್ಚಿಡದೆ ಹೇಳಿಕೊಂಡನು. ಬೇಸಿಗೆಯ ಕೊನೆಗೆ ತಿಪ್ಪೆಯನ್ನು ಅಗೆದು ಬಂಡಿಗೆ ತುಂಬುವಾಗ ಸಲಿಕೆಯ ತುದಿಯಲ್ಲಿ ಬೆರಳು ಗಾತ್ರದ ಬಿಳಿಯ ಗೊಣ್ಣೆಹುಳುಗಳು ಉರುಳಿಬೀಳುವುದನ್ನು ಕಾಣದ ಹಳ್ಳಿಯ ಬಾಲಕನಿಲ್ಲ. ಕಾಗೆಗಳೂ ಬೆಳ್ಳಕ್ಕಿಗಳೂ ಅಂದು ಹಬ್ಬವನ್ನೇ ಮಾಡುತ್ತವೆ. ಜಪಾನಿನ ಬಾಲಕನು ಹಣ ಕೊಟ್ಟು ತರುವ ಜೀವದ ಸೋದರಸಂಬಂಧಿ ನಮ್ಮಲ್ಲಿ ಬೇಡದ ವಸ್ತುವಾಗಿ ಬಿದ್ದಿರುತ್ತದೆ.

ಬೇಡದ ವಸ್ತುವೆನ್ನುವುದಕ್ಕೆ ರೈತನಲ್ಲಿ ಕಾರಣವೂ ಇದೆ. ಮರಾಠಿಯಲ್ಲಿ ‘ಹುಮಣಿ’ಯೆಂದು ಹೆಸರಾದ ಬೇರುಹುಳುವನ್ನು ಮರಾಠವಾಡದಲ್ಲಿ ಅರಿಯದವರಿಲ್ಲ. ಮಿರಗದ ಮೊದಲ ಮಳೆಗಳು ಬಿದ್ದ ಸಂಜೆ ಅದರ ಕಂದು ದುಂಬಿಗಳು ನೆಲದಿಂದೆದ್ದು ಬೇವು, ಜಾಲಿ, ಬಾರಿಯ ಗಿಡಗಳಿಗೆ ಮುತ್ತುತ್ತವೆ, ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ, ಮೊಟ್ಟೆಯೊಡೆದ ಮರಿಗಳು ಮಳೆಗಾಲವೆಲ್ಲ ಕಬ್ಬು, ಸೋಯಾ, ಶೇಂಗಾ, ಜೋಳಗಳ ಬೇರನ್ನು ಕಡಿಯುತ್ತವೆ. ಹಸಿರಾಗಿದ್ದ ಹೊಲ ಮಚ್ಚೆಮಚ್ಚೆಯಾಗಿ ಬಾಡುತ್ತದೆ. ಗಿಡ ಹಿಡಿದೆಳೆದರೆ ಬೇರಿಲ್ಲದೆ ಕೈಗೆ ಬರುತ್ತದೆ. ಸಾಲ ಮಾಡಿ ಬಿತ್ತಿದವನ ಎದೆ ಆಗ ಏನಾಗುವುದೆಂದು ನಾವು ವಿವರಿಸಬೇಕಾಗಿಲ್ಲ. ಸಂಜೆಯಲ್ಲಿ ಕೊಂಬೆ ಅಲುಗಿಸಿ ದುಂಬಿಗಳನ್ನು ಉದುರಿಸಿ, ಸೀಮೆಎಣ್ಣೆ ಬೆರೆಸಿದ ನೀರಿನಲ್ಲಿ ಹಾಕಿ ಕೊಲ್ಲುವುದು ಅವನಿಗೆ ಅನಿವಾರ್ಯ.

ಇಲ್ಲಿ ನಮ್ಮ ಪ್ರಶ್ನೆ ಮೊನಚಾಗುತ್ತದೆ. ತಂದೆ ಹೊಲದಲ್ಲಿ ಹುಳುವನ್ನು ಕೊಲ್ಲುತ್ತಿರುವಾಗ ಮಗ ಶಾಲೆಯಲ್ಲಿ ಹುಳುವನ್ನು ಸಾಕಬಹುದೆ? ಒಂದೇ ಮನೆಯಲ್ಲಿ ಒಂದೇ ಬಗೆಯ ಜೀವಕ್ಕೆ ಒಬ್ಬನು ಯಮನೂ ಇನ್ನೊಬ್ಬನು ಪೋಷಕನೂ ಆದರೆ, ಧರ್ಮವೆಂಬುದು ಆಯಾ ಹೊತ್ತಿನ ನಮ್ಮ ಅನುಕೂಲವೇ ಆಗಲಿಲ್ಲವೆ?

ಮೊದಲು ‘ಒಂದೇ ಬಗೆ’ ಎಂಬ ಮಾತನ್ನು ಪರೀಕ್ಷಿಸೋಣ. ತಿಪ್ಪೆಯಲ್ಲಿ ಸಿಕ್ಕ ಬಿಳಿಯ ಹುಳುಗಳೆಲ್ಲ ಹುಮಣಿಯಲ್ಲ. ಅವುಗಳಲ್ಲಿ ಹೂದುಂಬಿಯ ಮರಿಗಳಿವೆ. ಅವು ತಿನ್ನುವುದು ಸತ್ತ ಎಲೆ, ಕೊಳೆತ ಕಸ, ಹಳೆಯ ಗೊಬ್ಬರಗಳನ್ನು. ಗುರುತು ಹಿಡಿಯುವುದು ಕಷ್ಟವಲ್ಲ: ಬಯಲಿನಲ್ಲಿ ಬಿಟ್ಟರೆ ಹೂದುಂಬಿಯ ಮರಿ ಕಾಲುಗಳನ್ನು ಮೇಲೆ ಮಾಡಿ ಬೆನ್ನಿನ ಮೇಲೆ ಹರಿಯುತ್ತದೆ. ಬೇರುಹುಳು ಹಾಗೆ ಹರಿಯದು. ತಿಪ್ಪೆಯಲ್ಲಿಯೇ ಬೆಳೆಯುವ ಇನ್ನೊಂದು ಜಾತಿ ಕೊಂಬಿನ ದುಂಬಿಯದು. ಅದರ ಮರಿ ನಿರಪರಾಧಿ, ದುಂಬಿಯಾದ ಮೇಲೆ ತೆಂಗು ಈಚಲುಗಳ ಸುಳಿಯನ್ನು ಕೊರೆಯುತ್ತದೆ. ಬಿಳಿಯದೆಲ್ಲ ಒಂದೇ ಎಂದು ಸಲಿಕೆಯಿಂದ ಜಜ್ಜುವವನು ಶತ್ರುವಿನೊಡನೆ ಕೂಲಿ ಕೇಳದೆ ಗೊಬ್ಬರ ಅರೆಯುವ ಆಳನ್ನೂ ಕೊಂದಿರುತ್ತಾನೆ. ಅಜ್ಞಾನದಿಂದಾದ ಹಿಂಸೆಗೆ ಅವಶ್ಯಕತೆಯ ನೆಪ ಸಲ್ಲದು. ಕೊಲ್ಲಬೇಕಾದವನೂ ತಿಳಿದು ಕೊಲ್ಲಬೇಕು. ದಯೆಗೆ ಮೊದಲ ಮೆಟ್ಟಿಲು ಗುರುತಿಸುವುದು.

ಗುರುತಿಸಿದ ಮೇಲೂ ಪ್ರಶ್ನೆ ಪೂರ್ತಿ ತೀರುವುದಿಲ್ಲ. ಹುಮಣಿಗೂ ಪ್ರಾಣವಿದೆ. ಅದು ಬೇರು ತಿನ್ನುವುದು ದ್ವೇಷದಿಂದಲ್ಲ, ಹಸಿವಿನಿಂದ. ನಮ್ಮ ಪಕ್ಷ ಇದು: ಜೀವದ ಬೆಲೆಯನ್ನು ‘ಪೀಡೆ’, ‘ಮಿತ್ರ’ ಎಂಬ ಹೆಸರುಗಳು ನಿರ್ಣಯಿಸುವುದಿಲ್ಲ, ಆ ಹೆಸರುಗಳು ನಮ್ಮ ಸಂಬಂಧವನ್ನು ಮಾತ್ರ ಹೇಳುತ್ತವೆ. ರೈತನಿಗೂ ಹುಮಣಿಗೂ ಇರುವುದು ಅನ್ನಕ್ಕಾಗಿ ನಡೆಯುವ ಸ್ಪರ್ಧೆ. ಅಲ್ಲಿ ಅವಶ್ಯಕತೆ ಎಷ್ಟೋ ಅಷ್ಟರವರೆಗೆ ಕೊಲ್ಲುವುದನ್ನು ನಾವು ಕ್ಷಮಿಸುತ್ತೇವೆ, ಹೊಗಳುವುದಿಲ್ಲ. ಸಾಕುವವನ ಸಂಬಂಧವೇ ಬೇರೆ. ಗಡಿಗೆಯಲ್ಲಿಟ್ಟ ಹುಳುವಿನೊಡನೆ ಅವನಿಗೆ ಸ್ಪರ್ಧೆಯಿಲ್ಲ. ಅದು ಅವನ ಅನ್ನಕ್ಕೆ ಅಡ್ಡ ಬಂದಿಲ್ಲ. ತಾನಾಗಿ ಹೋಗಿ, ತನ್ನ ಸಂತೋಷಕ್ಕಾಗಿ ಅಥವಾ ಜ್ಞಾನಕ್ಕಾಗಿ ಅದನ್ನು ತಂದವನು ಅವನು. ಆದುದರಿಂದ ಅದರ ಅಳಿವು ಉಳಿವಿನ ಹೊಣೆಯೂ ಅವನದೇ. ತಂದೆಯ ನಡತೆಗೂ ಮಗನ ನಡತೆಗೂ ವಿರೋಧವಿಲ್ಲ. ಎರಡು ಬೇರೆ ಸಂಬಂಧಗಳಿಗೆ ಎರಡು ಬೇರೆ ಧರ್ಮಗಳಿವೆ. ತಂದೆ ಕೊಲ್ಲುವ ಹುಳುವಿಗಿಂತ ಮಗ ಸಾಕುವ ಹುಳುವಿಗೆ ಮಗನು ಹೆಚ್ಚಿನ ಋಣಿ.

ಇಲ್ಲಿ ಮೂರು ಆಕ್ಷೇಪಗಳು ಬರಬಹುದು. ‘ಹುಳುವಿಗೆ ನೋವೇ ತಿಳಿಯದು, ಋಣವೆಲ್ಲಿಯದು?’ ಎಂಬುದು ಒಂದನೆಯದು. ಜೈನ ದರ್ಶನವು ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ಶ್ರೇಣಿಗಳಾಗಿ ವಿಂಗಡಿಸಿತು. ಆದರೂ ಒಂದೇ ಇಂದ್ರಿಯದ ಜೀವಿಯನ್ನೂ ದಯೆಯ ಹೊರಗೆ ನೂಕಲಿಲ್ಲ. ಮಳೆಗಾಲದಲ್ಲಿ ನೆಲ ಹುಳುಹುಪ್ಪಟೆಗಳಿಂದ ತುಂಬಿರುವುದೆಂದು ಜೈನ ಮುನಿಗಳು ನಾಲ್ಕು ತಿಂಗಳು ಸಂಚಾರ ನಿಲ್ಲಿಸಿ ಒಂದೆಡೆ ನಿಲ್ಲುವುದನ್ನು ನಾವು ಇಂದಿಗೂ ಕಾಣುತ್ತೇವೆ. ಹುಳುವಿನ ಒಳಗಿನ ಅನುಭವ ನಮಗೆ ಗೋಚರಿಸದು ನಿಜ. ಗೋಚರಿಸದಿರುವುದು ಎಚ್ಚರಿಕೆಗೆ ಕಾರಣವಾಗಬೇಕೇ ಹೊರತು ನಿರ್ಲಕ್ಷ್ಯಕ್ಕೆ ಅಲ್ಲ. ಕತ್ತಲಲ್ಲಿ ನಡೆಯುವವನು ಹೆಜ್ಜೆಯನ್ನು ಮೆಲ್ಲನೆ ಇಡುತ್ತಾನಲ್ಲವೆ?

‘ಬಯಲಿನಲ್ಲಿದ್ದರೆ ಕಾಗೆ ತಿನ್ನುತ್ತಿತ್ತು, ನಾವು ಉಳಿಸಿದೆವು, ಇನ್ನೇನು ಬೇಕು?’ ಎಂಬುದು ಎರಡನೆಯ ಆಕ್ಷೇಪ. ತಿಪ್ಪೆಯಲ್ಲಿದ್ದ ಹುಳುವಿಗೆ ಅಪಾಯವಿತ್ತು, ಒಪ್ಪೋಣ. ಅಲ್ಲಿ ಅದಕ್ಕೆ ಸ್ವಾತಂತ್ರ್ಯವೂ ಇತ್ತು. ಬಿಸಿಯಾದರೆ ಕೆಳಗೆ ಇಳಿಯಬಹುದಿತ್ತು. ಒಣಗಿದರೆ ಪಕ್ಕಕ್ಕೆ ಸರಿಯಬಹುದಿತ್ತು. ಒಂದು ಕಡೆಯ ಆಹಾರ ತೀರಿದರೆ ಇನ್ನೊಂದು ಕಡೆ ಕೊರೆಯಬಹುದಿತ್ತು. ಗಡಿಗೆಯಲ್ಲಿಟ್ಟವನು ಕಾಗೆಯನ್ನು ದೂರ ಮಾಡಿದನು. ಜೊತೆಗೆ ತಪ್ಪಿಸಿಕೊಳ್ಳುವ ದಾರಿಗಳನ್ನೂ ಮುಚ್ಚಿದನು. ಎಷ್ಟು ದಾರಿಗಳನ್ನು ಮುಚ್ಚಿದನೋ ಅಷ್ಟು ಹೊಣೆಗಳನ್ನು ಹೊತ್ತುಕೊಂಡಂತಾಯಿತು. ಸಾಕುವವನ ಋಣದ ಅಳತೆ ಇದೇ ಎಂದು ನಮ್ಮ ಅಭಿಪ್ರಾಯ. ಹುಳು ದೊಡ್ಡದೋ ಸಣ್ಣದೋ, ಬುದ್ಧಿಯುಳ್ಳದ್ದೋ ಇಲ್ಲದ್ದೋ ಎಂಬುದರ ಮೇಲೆ ಅದು ನಿಂತಿಲ್ಲ; ಅದರ ಕೈಯಿಂದ ನಾವು ಏನೇನು ಕಸಿದುಕೊಂಡೆವು ಎಂಬುದರ ಮೇಲೆ ನಿಂತಿದೆ.

ಹೊಟ್ಟಿನ ಹದದ ಮಾತು ಇಲ್ಲಿ ಧರ್ಮದ ಮಾತಾಗುತ್ತದೆ. ಕಾವಾರದ ಹೊಟ್ಟಿನಲ್ಲಿ ಮರಿಯನ್ನು ಬಿಟ್ಟರೆ ಏನಾಗುವುದು? ಮೇಲೆ ತಣ್ಣಗೆ ಕಂಡರೂ ಒಳಗೆ ಹುದುಗುವಿಕೆ ನಡೆದೇ ಇರುತ್ತದೆ. ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಹೀರಿ ಇಂಗಾಲಾಮ್ಲವನ್ನು ಬಿಡುತ್ತವೆ, ಅಮೋನಿಯಾ ಕೂಡಿಕೊಳ್ಳುತ್ತದೆ, ಕಾವು ಮತ್ತೆ ಏರುತ್ತದೆ. ಮೈಯ ಇಕ್ಕೆಲದ ಸಣ್ಣ ರಂಧ್ರಗಳಿಂದ ಉಸಿರಾಡುವ ಹುಳು ಉಸಿರು ಕಟ್ಟಿ ಹೊಟ್ಟಿನ ಮೇಲ್ಭಾಗಕ್ಕೆ ಏರಿಬಂದು ಮಲಗುತ್ತದೆ. ಕತ್ತಲೆಯನ್ನೇ ಬಯಸುವ ಜೀವ ಬೆಳಕಿಗೆ ಬಂದು ಬಿದ್ದಿದೆಯೆಂದರೆ ಅದೇ ಅದರ ಅರ್ಜಿ, ಅದೇ ಅದರ ಕೂಗು. ಬಲ್ಲವನು ಕೂಡಲೆ ಅದನ್ನು ತೆಗೆದು ಹಳೆಯ ಹೊಟ್ಟಿಗೆ ಸೇರಿಸುತ್ತಾನೆ. ಅರಿಯದವನು ‘ಹುಳು ನಮ್ಮನ್ನು ನೋಡಲು ಬಂದಿದೆ’ ಎಂದು ಹಿಗ್ಗುತ್ತಾನೆ. ಮಾರನೆಯ ದಿನ ಅದು ಕಪ್ಪಾಗಿರುತ್ತದೆ. ಅವನಲ್ಲಿ ಕ್ರೌರ್ಯವಿರಲಿಲ್ಲ, ಪ್ರೀತಿಯೇ ಇತ್ತು. ಕಾಯುವ ತಾಳ್ಮೆ ಇರಲಿಲ್ಲ. ಜಗತ್ತಿನಲ್ಲಿ ಪ್ರೀತಿಯಿಲ್ಲದೆ ಸತ್ತ ಜೀವಗಳೊಡನೆ ಹದವಿಲ್ಲದ ಪ್ರೀತಿಯಿಂದ ಸತ್ತ ಜೀವಗಳನ್ನೂ ಎಣಿಸಬೇಕಾಗಿದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದುದು: ‘ಇಷ್ಟೆಲ್ಲ ಹೊಣೆಯಿದ್ದರೆ ಸಾಕುವುದೇಕೆ? ಇದ್ದಲ್ಲಿಯೇ ಬಿಡಬಾರದೆ?’ ಇದಕ್ಕೆ ನಾವು ಸುಲಭದ ಉತ್ತರ ಕೊಡಲಾರೆವು. ಜಪಾನಿನ ಅನುಭವವೇ ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. 1999ರಲ್ಲಿ ಆ ದೇಶವು ವಿದೇಶದ ದುಂಬಿಗಳನ್ನು ಜೀವಂತವಾಗಿ ತರಿಸಿಕೊಳ್ಳಲು ಅನುಮತಿ ಕೊಟ್ಟಿತು. ಅದೇ ವರ್ಷ ಟೋಕಿಯೋದಲ್ಲಿ ಎಂಟು ಸೆಂಟಿಮೀಟರು ಉದ್ದದ ಒಂದು ಕುವಗತ ಒಂದು ಕೋಟಿ ಯೆನ್ನಿಗೆ ಮಾರಾಟವಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಬಾಲಕರ ಆಟ ಹಿರಿಯರ ವ್ಯಾಪಾರವಾಯಿತು. ಏಷ್ಯದ ಕಾಡುಗಳಿಂದ ದುಂಬಿಗಳು ಪೆಟ್ಟಿಗೆಗಳಲ್ಲಿ ಹೋಗತೊಡಗಿದವು. ನಮ್ಮ ದೇಶದಲ್ಲಿಯೇ 2008ರಲ್ಲಿ ಡಾರ್ಜಿಲಿಂಗ್ ಸಮೀಪದ ಸಿಂಗಲೀಲಾ ಅರಣ್ಯದಿಂದ ಅನುಮತಿಯಿಲ್ಲದೆ ಕೀಟಗಳನ್ನು ಸಂಗ್ರಹಿಸಿದ ಇಬ್ಬರು ವಿದೇಶೀಯರು ಬಂಧಿತರಾಗಿ ನ್ಯಾಯಾಲಯದಲ್ಲಿ ಅಪರಾಧಿಗಳೆನಿಸಿದರು. ಹೊರಗಿನ ದುಂಬಿಗಳು ಜಪಾನಿನ ದುಂಬಿಗಳೊಡನೆ ಕೂಡಿ ಮಿಶ್ರಸಂತಾನವಾಗುವುದೂ, ಸ್ಥಳೀಯ ಜಾತಿಯ ಶುದ್ಧತೆಗೆ ಅಪಾಯವಿರುವುದೂ ಅಲ್ಲಿಯ ವಿಜ್ಞಾನಿಗಳಿಗೆ ಕಂಡುಬಂದಿತು.

ಬಿಟ್ಟುಬಿಡುವುದೂ ಎಲ್ಲ ಕಾಲದಲ್ಲಿ ಪುಣ್ಯವಲ್ಲವೆಂಬುದಕ್ಕೆ ನಮ್ಮದೇ ಕೊಂಬಿನ ದುಂಬಿ ಸಾಕ್ಷಿ. ದಕ್ಷಿಣ ಏಷ್ಯದ ಈ ಜೀವ 1909ರಲ್ಲಿ ಸಿಂಹಳದಿಂದ ರಬ್ಬರ್ ಸಸಿಗಳ ಜೊತೆಗೆ ಶಾಂತಸಾಗರದ ಸಮೋವಾ ದ್ವೀಪಕ್ಕೆ ಹೋಯಿತು. ತೆಂಗೇ ಜೀವನಾಧಾರವಾದ ಆ ದ್ವೀಪಗಳಲ್ಲಿ ಅದನ್ನು ಹತೋಟಿಯಲ್ಲಿಡುವ ಸಹಜ ಶತ್ರುಗಳಿರಲಿಲ್ಲ, ತೋಟಗಳು ಹಾಳಾದವು. ಮಲೇಷಿಯಾದಲ್ಲಿ ಕಂಡುಹಿಡಿದ ಒಂದು ವೈರಸ್ಸನ್ನು 1967ರಲ್ಲಿ ಅಲ್ಲಿ ಬಿಡುಗಡೆ ಮಾಡಿದ ಮೇಲೆ ಅದರ ಹಾವಳಿ ಇಳಿಯಿತು. ಇತ್ತ ನಮ್ಮಂತೆಯೇ ಗಡಿಯಲ್ಲಿರುವ ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗಿನ ಸಂಶೋಧನಾ ಕೇಂದ್ರ, ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಇದೇ ದುಂಬಿಯ ಮರಿಗಳನ್ನು ಗೊಬ್ಬರದ ಗುಂಡಿಯಲ್ಲಿಯೇ ತಡೆಯಲು ಹಸಿರು ಬೂಷ್ಟನ್ನು ಬೆರೆಸುವ ಉಪಾಯವನ್ನು ರೈತರಿಗೆ ಕಲಿಸಿದೆ. ಒಂದೇ ಜೀವ ಒಂದೆಡೆ ನೆರೆಯವನು, ಇನ್ನೊಂದೆಡೆ ದಂಡೆತ್ತಿ ಬಂದ ವೈರಿ. ಯಾವುದನ್ನು ಎಲ್ಲಿಂದ ತಂದೆವೋ ಅಲ್ಲಿಗೇ ಹಿಂತಿರುಗಿಸಬೇಕೆಂಬ ನಿಯಮ ಇದರಿಂದ ಹುಟ್ಟುತ್ತದೆ. ದೂರದಿಂದ ತಂದುದನ್ನು ಬಿಡುವುದು ತಪ್ಪು; ಬಿಡಲಾಗದುದನ್ನು ತರುವುದು ಅದಕ್ಕೂ ಮೊದಲಿನ ತಪ್ಪು.

ಹಾಗಿದ್ದರೂ ಸಾಕುವುದನ್ನು ನಾವು ಪೂರ್ತಿಯಾಗಿ ನಿಷೇಧಿಸಲಾರೆವು. ಫ್ರಾನ್ಸಿನ ಫಾಬ್ರ್ (1823-1915) ಎಂಬ ಬಡ ಶಾಲಾ ಉಪಾಧ್ಯಾಯನು ಸಗಣಿ ಹುಳುಗಳನ್ನೂ ಕಣಜಗಳನ್ನೂ ಗಾಜಿನ ಪಾತ್ರೆಗಳಲ್ಲಿಯೂ ತನ್ನ ಹಿತ್ತಿಲಿನಲ್ಲಿಯೂ ಇಟ್ಟು ದಶಕಗಟ್ಟಲೆ ನೋಡದಿದ್ದರೆ ಕೀಟಗಳ ಬದುಕಿನ ಎಷ್ಟೋ ಸತ್ಯಗಳು ಮನುಷ್ಯನಿಗೆ ತಿಳಿಯುತ್ತಿರಲಿಲ್ಲ. ಕಂಡರಿಯದ ಜೀವವನ್ನು ಪ್ರೀತಿಸುವುದು ಕಷ್ಟ. ಗಡಿಗೆಯಲ್ಲಿ ಒಂದು ಹುಳು ಮೂರು ಸಲ ಬೆಳೆದು, ಮಣ್ಣಿನ ಗೂಡು ಕಟ್ಟಿ, ಕೋಶವಾಗಿ, ದುಂಬಿಯಾಗಿ ಎದ್ದುದನ್ನು ಕಂಡ ಬಾಲಕನು ಮುಂದೆ ತಿಪ್ಪೆ ಅಗೆಯುವಾಗ ಸಲಿಕೆಯನ್ನು ಒಂದು ಕ್ಷಣ ತಡೆದಾನು. ಆ ಒಂದು ಕ್ಷಣ ಸಣ್ಣದಲ್ಲ.

ಫಾಬ್ರ್‌ನ ಹೆಸರು ಬಂದುದರಿಂದ ನಮ್ಮ ದರ್ಶನಗಳ ಒಂದು ದೃಷ್ಟಾಂತವನ್ನೂ ನೆನೆಯಬೇಕಾಗಿದೆ. ‘ಕೀಟ-ಭ್ರಮರ ನ್ಯಾಯ’ವನ್ನು ನಮ್ಮ ಉಪಾಧ್ಯಾಯ ಮಿತ್ರರು ಬಲ್ಲರು. ಭ್ರಮರವು ಒಂದು ಕೀಟವನ್ನು ತಂದು ಮಣ್ಣಿನ ಗೂಡಿನಲ್ಲಿ ಸೆರೆಯಿಡುತ್ತದೆ. ಕೀಟವು ಎಡೆಬಿಡದೆ ಭ್ರಮರವನ್ನೇ ಚಿಂತಿಸುತ್ತ ಕೊನೆಗೆ ಭ್ರಮರವೇ ಆಗಿ ಹೊರಬರುತ್ತದೆ. ಹಾಗೆಯೇ ಜೀವನು ಪರವಸ್ತುವನ್ನು ಧ್ಯಾನಿಸುತ್ತ ಅದೇ ಆಗುತ್ತಾನೆ ಎಂಬುದು ಅದರ ಅರ್ಥ. ಧ್ಯಾನದ ಮಹಿಮೆಗೆ ಅದು ಸುಂದರವಾದ ಉಪಮೆ. ಆದರೆ ಪ್ರಕೃತಿಯಲ್ಲಿ ನಡೆಯುವುದು ಬೇರೆ. ಆ ಭ್ರಮರವು ನಾವು ಕುಂಬಾರ ಹುಳುವೆನ್ನುವ ಕಣಜ. ಅದು ತಂದಿಟ್ಟ ಹುಳು ಸತ್ತಿಲ್ಲ, ಕುಟುಕಿನಿಂದ ನಿಶ್ಚೇಷ್ಟಿತವಾಗಿದೆ. ಕಣಜಗಳ ಬೇಟೆಯ ಈ ಗುಟ್ಟನ್ನು ಫಾಬ್ರ್ 1855ರಲ್ಲಿಯೇ ತೋರಿಸಿಕೊಟ್ಟನು. ಗೂಡಿನೊಳಗೆ ಕಣಜದ ಮೊಟ್ಟೆಯೊಡೆದು ಬಂದ ಮರಿ ಆ ಹುಳುವನ್ನು ತಿಂದು ಬೆಳೆದು ಕಣಜವಾಗಿ ಹಾರುತ್ತದೆ. ಕೀಟ ಭ್ರಮರವಾಗಲಿಲ್ಲ, ಭ್ರಮರದ ಊಟವಾಯಿತು.

ದೃಷ್ಟಾಂತದ ಉದ್ದೇಶಕ್ಕೆ ಇದರಿಂದ ಕುಂದಿಲ್ಲ. ಆದರೆ ಸಾಕುವ ಎಲ್ಲರಿಗೂ, ವಿಶೇಷವಾಗಿ ಕಲಿಸುವವರಿಗೆ, ಇಲ್ಲೊಂದು ಎಚ್ಚರಿಕೆ ಅಡಗಿದೆ. ‘ಇದು ನನ್ನಂತೆಯೇ ಆಯಿತು’ ಎಂದು ಸಾಕಿದವನು ಸಂತೋಷಪಡುವಾಗ ಗೂಡಿನೊಳಗೆ ಒಂದು ಜೀವ ಮುಗಿದುಹೋಗಿರಬಹುದು. ಗೊಣ್ಣೆಹುಳುವಿನ ಪರಿವರ್ತನೆ ಆ ಬಗೆಯದಲ್ಲ. ಹದವಾದ ಹೊಟ್ಟನ್ನು ತಾನೇ ತಿಂದು, ತನ್ನ ಹೊತ್ತಿಗೆ ತಾನೇ ಗೂಡು ಕಟ್ಟಿ, ತನ್ನ ಜಾತಿಯ ದುಂಬಿಯೇ ಆಗಿ ಅದು ಏಳುತ್ತದೆ. ಸಾಕಿದವನ ಪಾಲು ಹೊಟ್ಟನ್ನು ಹದಗೊಳಿಸಿದ್ದು, ತೇವ ಕಾಯ್ದದ್ದು, ಗೂಡು ಕಟ್ಟಿದ ಮೇಲೆ ಕುತೂಹಲವನ್ನು ತಡೆದು ಗಡಿಗೆಯನ್ನು ಅಲುಗಿಸದಿದ್ದುದು, ಇಷ್ಟೇ. ಇಷ್ಟೇ ಎಂದೆವು, ಇದಕ್ಕಿಂತ ಹೆಚ್ಚನ್ನು ಮಾಡಿದವರು ವಿರಳ.

ಜೀವ ಬೆಳೆಯುವ ಇಂಥ ಹದವಾದ ವಸ್ತುವಿಗೆ ಶಾಸ್ತ್ರಜ್ಞರು ‘ಮಾಧ್ಯಮ’ವೆಂಬ ಶಬ್ದವನ್ನು ಬಳಸುತ್ತಾರೆ. ಕನ್ನಡ ಮಾಧ್ಯಮದ ಶಿಕ್ಷಕರಿಗೆ ಈ ಶಬ್ದದ ಇನ್ನೊಂದು ಅರ್ಥವನ್ನು ನಾವು ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ 1ರಂದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆ ಒಡೆದಾಗ ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರಿಗೆ ಸೇರಿದವು. ಉದಗೀರ, ನಿಲಂಗಾಗಳು ಆಗಿನ ಮುಂಬಯಿ ರಾಜ್ಯಕ್ಕೆ, 1960ರ ಮೇ 1ರಿಂದ ಮಹಾರಾಷ್ಟ್ರಕ್ಕೆ, ಸೇರಿದವು. ಗಡಿಯ ಗೆರೆ ಒಂದು ದಿನದಲ್ಲಿ ಬಿತ್ತು. ಮಾತು ಗೆರೆಯ ಎರಡೂ ಕಡೆ ಹಾಗೆಯೇ ಉಳಿಯಿತು. ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ಮರಾಠಿಯನ್ನೂ ಆಡುತ್ತ ಬೆಳೆದ ಮಕ್ಕಳನ್ನು ಯಾವ ಮಾಧ್ಯಮದಲ್ಲಿ ಬೆಳೆಸಬೇಕೆಂಬ ಪ್ರಶ್ನೆ ಈ ಸೀಮೆಯ ಎಷ್ಟೋ ಮನೆಗಳನ್ನು ಕಾಡಿದೆ.

ಮರಾಠಿಯ ಬಗೆಗೆ ನಮಗೆ ಕಿಂಚಿತ್ತೂ ಅಸಹನೆಯಿಲ್ಲ. ಅದು ನಮಗೆ ಅನ್ನ ಕೊಟ್ಟ ನೆರೆಯ ಭಾಷೆ. ನಾವು ಹೇಳುವುದು ಹದದ ಮಾತು. ಕುವಗತದ ಹೆಣ್ಣುದುಂಬಿಯ ಹೊಟ್ಟೆಯ ತುದಿಯಲ್ಲಿ ಒಂದು ಸಣ್ಣ ಚೀಲವಿರುವುದೆಂದೂ, ಮರದ ಸಕ್ಕರೆಯನ್ನು ಹುದುಗಿಸಬಲ್ಲ ಯೀಸ್ಟ್ ಅದರಲ್ಲಿ ವಾಸಿಸುವುದೆಂದೂ ಜಪಾನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಮರಿಗೆ ಜೀರ್ಣಶಕ್ತಿಯನ್ನು ತಾಯಿಯೇ ಬುತ್ತಿ ಕಟ್ಟಿ ಕೊಡುವಳೆಂದು ಅವರು ಭಾವಿಸುತ್ತಾರೆ. ಹುಳು ಸಾಕುವವರಲ್ಲಿ ಒಂದು ರೂಢಿಯಿದೆ: ಮರಿಯನ್ನು ಹೊಸ ಹೊಟ್ಟಿಗೆ ವರ್ಗಾಯಿಸುವಾಗ ಹಳೆಯ ಹೊಟ್ಟಿನ ಒಂದು ಹಿಡಿಯನ್ನು ಅದರ ಹಿಕ್ಕೆಗಳ ಸಮೇತ ಬೆರೆಸುತ್ತಾರೆ. ಹೊಸದು ಎಷ್ಟೇ ಉತ್ತಮವಾಗಿರಲಿ, ಹಳೆಯದರ ಹಿಡಿಯಿಲ್ಲದೆ ಮರಿ ತಲ್ಲಣಿಸುತ್ತದೆ. ಮಕ್ಕಳನ್ನು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಒಯ್ಯುವ ತಂದೆತಾಯಿಗಳು ಇಷ್ಟನ್ನು ನೆನೆದರೆ ಸಾಕು. ಹೊಸ ಭಾಷೆಯ ಶಾಲೆಗೆ ಕಳಿಸಿದ ಮಗುವಿಗೆ ಮನೆಯ ಮಾತಿನ ಒಂದು ಹಿಡಿಯನ್ನೂ ಉಳಿಸಿ ಕೊಟ್ಟಿದ್ದೇವೆಯೆ? ಅದು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿದ್ದರೆ ಅದನ್ನು ಶಿಸ್ತೆಂದು ಹೊಗಳುತ್ತಿದ್ದೇವೆಯೊ, ಉಸಿರು ಕಟ್ಟಿ ಮೇಲೆ ಬಂದ ಹುಳುವಿನ ಕೂಗೆಂದು ಗುರುತಿಸುತ್ತಿದ್ದೇವೆಯೊ? ಮಗುವಿಗೆ ಬಾಯಿದೆ, ದೂರು ಹೇಳಬಲ್ಲದೆಂದು ನಾವು ಭಾವಿಸುತ್ತೇವೆ. ಯಾವ ಭಾಷೆಯಲ್ಲಿ ಹೇಳಬೇಕೆಂಬುದೇ ಅದರ ಕಷ್ಟವಾಗಿರುವಾಗ ಅದೂ ದೂರು ಕೊಡಲಾರದ ಜೀವವೇ.

ಈಗ ನಮ್ಮ ವಿದ್ಯಾರ್ಥಿ ಮಿತ್ರರಿಗೆ ಒಂದೆರಡು ಮಾತು. ತರಗತಿಯಲ್ಲಿ ಹೂದುಂಬಿಯ ಮರಿಯನ್ನು ಸಾಕಬೇಕೆಂಬ ಆಸೆ ನಿಮಗಾದರೆ ಮೊದಲು ಮನೆ ಕಟ್ಟಿರಿ, ಆಮೇಲೆ ಅತಿಥಿಯನ್ನು ಕರೆಯಿರಿ. ಮಾಘದ ಚಳಿ ಇಳಿಯುವಾಗ ಹೊಟ್ಟು ನೆನೆಹಾಕಿದರೆ ತಿಪ್ಪೆ ಅಗೆಯುವ ವೈಶಾಖದ ಹೊತ್ತಿಗೆ ಅದು ಹದಕ್ಕೆ ಬಂದೀತು. ಬೆನ್ನಿನ ಮೇಲೆ ಹರಿಯುವ ಮರಿಗಳನ್ನೇ ಆರಿಸಿರಿ. ನೋಡಿಕೊಳ್ಳಬಲ್ಲಷ್ಟನ್ನು, ಎರಡೋ ಮೂರೋ ಮಾತ್ರ, ತನ್ನಿರಿ. ಬೇಸಿಗೆಯ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಾಗ ಹೊಟ್ಟಿಗೆ ನೀರು ಚಿಮುಕಿಸುವವರು ಯಾರೆಂಬುದನ್ನು ಹೆಸರು ಹಿಡಿದು ಗೊತ್ತುಮಾಡಿರಿ. ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂಬ ಮಾತಿನಿಂದ ಸತ್ತ ಗಿಡಗಳನ್ನು ಪ್ರತಿ ಶಾಲೆಯ ಅಂಗಳವೂ ಕಂಡಿದೆ. ಗೂಡು ಕಟ್ಟಿದ ಮೇಲೆ ಮುಟ್ಟಬೇಡಿರಿ. ದುಂಬಿ ಎದ್ದ ಮೇಲೆ ಅದನ್ನು ತಂದ ತಿಪ್ಪೆಯ ಹತ್ತಿರವೇ ಬಿಡಿರಿ. ಗಡಿಗೆಯಲ್ಲಿ ಉಳಿದ ಹಿಕ್ಕೆಗಳು ಒಳ್ಳೆಯ ಗೊಬ್ಬರ. ಅವನ್ನು ಒಂದು ಗಿಡದ ಬುಡಕ್ಕೆ ಹಾಕಿರಿ.

ಒಂದು ಹುಳು ಸತ್ತರೆ? ಎಚ್ಚರವಿದ್ದರೂ ಸಾಯಬಹುದು. ಆಗ ಅದನ್ನು ಮರೆಯಲ್ಲಿ ಎಸೆದು ಇನ್ನೊಂದನ್ನು ತಂದಿಡಬೇಡಿರಿ. ಹೊಟ್ಟನ್ನು ಹಿಂಡಿ ನೋಡಿರಿ, ಮೂಸಿ ನೋಡಿರಿ, ನಡುವಿಗೆ ಕೈಯಿಟ್ಟು ಕಾವನ್ನು ಪರೀಕ್ಷಿಸಿರಿ. ಕಾರಣವನ್ನು ಹಲಗೆಯ ಮೇಲೆ ಬರೆಯಿರಿ. ಸತ್ತುದಕ್ಕೆ ಅದರಿಂದ ಏನೂ ಸಲ್ಲುವುದಿಲ್ಲ, ಉಳಿದವಕ್ಕೆ ಸಲ್ಲುತ್ತದೆ. ಇಷ್ಟನ್ನು ನಡೆಸಿಕೊಡಲಾರದ ತರಗತಿ ಗಡಿಗೆಯನ್ನು ತರದೆ, ತಿಪ್ಪೆಯ ಬಳಿಗೆ ಹೋಗಿ ನೋಡಿಬರುವುದೇ ಲೇಸು. ನಡೆಸಿಕೊಡಬಲ್ಲ ತರಗತಿ ಈ ಮಾಘದಲ್ಲಿಯೇ ಹೊಟ್ಟು ಕಲಸಲಿ.